ಅಣ್ಣನ ಫ್ರೀಜರಿನಲ್ಲಿ ಫ್ರೂಟ್ ಕಾಕ್‌ಟೇಲ್

ನಾನು ದರ್ಜಿ. ಬೀದಿಯ ಜನ ನನ್ನನ್ನು ‘ಅರ್ಧ ಇಂಚು’ ಎಂದು ಕರೆಯುತ್ತಾರೆ. ನಾನು ಹೊಲಿದ ಬಟ್ಟೆ ಎಲ್ಲಾದರೂ ಒಂದು ಕಡೆ ಅರ್ಧ ಇಂಚು ಹೆಚ್ಚೋ ಕಡಿಮೆಯೋ ಇದ್ದೇ ಇರುತ್ತದಂತೆ. ಇದು ಶುದ್ಧ ಸುಳ್ಳು. ಕೆಲವು ಸಲ ಮುಕ್ಕಾಲು ಇಂಚು ಇರುತ್ತದೆ. ಆದರೂ ನನ್ನ ಹತ್ತಿರ ಬಟ್ಟೆ ಬರುವುದು ನಿಂತಿಲ್ಲ, ಯಾಕೆಂದರೆ ಶಾಲೆಯ ಯೂನಿಫಾರಂ ಹೊಲಿಯುವವನಿಗೆ ಅಳತೆಗಿಂತ ಧೈರ್ಯ ಮುಖ್ಯ. ಅಂಗಿ ದೊಡ್ಡದಾದರೆ “ಮಕ್ಕಳು ಬೆಳೀತಾರಲ್ಲ” ಎನ್ನುತ್ತೇನೆ. ಚಿಕ್ಕದಾದರೆ “ಎರಡು ಸಲ ಒಗೀರಿ, ಬಟ್ಟೆ ಬಿಟ್ಕೊಳ್ಳುತ್ತೆ” ಎನ್ನುತ್ತೇನೆ. ಎರಡನ್ನೂ ತಾಯಂದಿರ ಮುಖ ನೋಡಿಯೇ ಹೇಳುತ್ತೇನೆ.

ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ನಾನು, ನನ್ನ ಹೆಂಡತಿ, ಎರಡು ಹೊಲಿಗೆ ಮೆಷಿನ್ನು, ಜೊತೆಗೆ ಹಾಲ್‌ನ ಜಾಗವನ್ನೆಲ್ಲ ನುಂಗಿ ಕೂತಿರುವ ಕಟಿಂಗ್ ಟೇಬಲ್ಲು. ಮೇಲೆ ಅಣ್ಣ, ಅತ್ತಿಗೆ. ಅಣ್ಣ ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಸ್ಟೇರಿಂಗ್ ಬಿಟ್ಟರೂ ಗಂಟಲಲ್ಲಿರುವ ಹಾರ್ನು ಬಿಟ್ಟಿಲ್ಲ. ಮನೆ ಕಟ್ಟಿಸಿದಾಗ ಮೇಲಿನ ಭಾಗ ಯಾರಿಗೆ ಎಂದು ನಾಣ್ಯ ಚಿಮ್ಮಿ ನೋಡಿದೆವು. ಆಗ ಮೇಲೆ ಹಿತವಾದ ಗಾಳಿ ಬೀಸುತ್ತಿತ್ತು. ಅಣ್ಣ ಗೆದ್ದ. ಗೆದ್ದವನು ಸುಮ್ಮನಿರಲಿಲ್ಲ, ಸಂಜೆಯಾದರೆ ಬಾಲ್ಕನಿಯಿಂದ ಬಗ್ಗಿ “ಗಾಳಿ ಬೇಕಾದ್ರೆ ಮೇಲೆ ಬಾರೋ” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನಾನು ಹೊಟ್ಟೆ ಉರಿದುಕೊಂಡು ಮೆಷಿನ್ ತುಳಿಯುತ್ತಿದ್ದೆ. ಆ ಅರ್ಧ ಇಂಚಿನ ಕಾಯಿಲೆ ಅಲ್ಲಿಂದಲೇ ಶುರುವಾಗಿರಬೇಕು ಎಂದು ನನ್ನ ಅನುಮಾನ.

ಕಳೆದ ವರ್ಷ ಪಕ್ಕದ ಖಾಲಿ ಜಾಗದಲ್ಲಿ ಐದಂತಸ್ತಿನ ಕಟ್ಟಡ ಎದ್ದಿತು. ಅಣ್ಣನ ಗಾಳಿ ನಿಂತುಹೋಯಿತು, ತಾರಸಿಯ ಮೇಲಿನ ಬಿಸಿಲು ಮಾತ್ರ ಹಾಗೇ ಉಳಿಯಿತು. ಈ ಬೇಸಿಗೆ ಶುರುವಾದಾಗ ಒಂದು ಮಧ್ಯಾಹ್ನ ಅವನು ಕಂಕುಳಲ್ಲಿ ದಿಂಬು ಇಟ್ಟುಕೊಂಡು ಕೆಳಗೆ ಬಂದ. ನಾನು ಯೂನಿಫಾರಂ ಅಳತೆ ತೆಗೆಯುತ್ತಿದ್ದೆ, ಹಾಲ್ ತುಂಬ ಜನ.

“ಲೋ, ಮೇಲೆ ಇರೋಕೇ ಆಗ್ತಿಲ್ಲ. ಈ ಟೇಬಲ್ ಸ್ವಲ್ಪ ಆಚೆ ಸರಿಸು. ಮಧ್ಯಾಹ್ನದ ಹೊತ್ತು ಇಲ್ಲೇ ನೆಲದ ಮೇಲೆ ಒರಗ್ತೀನಿ” ಎಂದ.

ಇಷ್ಟು ವರ್ಷ ಕಾದಿದ್ದ ನಾಲಿಗೆ. “ನಾಣ್ಯದಲ್ಲಿ ಗೆದ್ದೋನು ನೀನೇ ತಾನೆ? ಮಾಡಿದ್ದುಣ್ಣೋ ಮಾರಾಯ!” ಎಂದುಬಿಟ್ಟೆ. ಅಲ್ಲಿದ್ದವರೆಲ್ಲ ನಕ್ಕರು. ಅವರು ನಕ್ಕಿದ್ದು ನೋಡಿ ನನಗೆ ಹುರುಪು ಬಂತು, ಇನ್ನೊಂದು ಸಲ ಹೇಳಿದೆ. ಅಣ್ಣ ದಿಂಬನ್ನು ಕಂಕುಳಿಂದ ಕೈಗೆ ತೆಗೆದುಕೊಂಡು ಮೆಟ್ಟಿಲು ಹತ್ತಿದ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ.

ಮಾತು ಬಿಟ್ಟಿದ್ದರೆ ಹಾಳಾಗಿ ಹೋಗಲಿ, ಮನೆಯನ್ನೇ ಬಿಡಲು ಹೊರಟ. ಬ್ರೋಕರೊಬ್ಬ ಬೈಕಿನಲ್ಲಿ ಬಂದು ಅಣ್ಣನನ್ನು ಹಿಂದೆ ಕೂರಿಸಿಕೊಂಡು ಹೋಗಿ ಮನೆ ತೋರಿಸತೊಡಗಿದ. ಊರಿನ ಇನ್ನೊಂದು ಕೊನೆಯಲ್ಲಿ, ನೆಲಮಹಡಿಯಲ್ಲಿ ಎರಡು ಕೋಣೆಯ ಮನೆಯೊಂದು ಒಪ್ಪಿಗೆಯೂ ಆಯಿತು. ಅತ್ತಿಗೆ ನನ್ನ ಹೆಂಡತಿಗೆ ಹೇಳಿ ಅತ್ತರಂತೆ. ನನ್ನ ಹೆಂಡತಿ ನನ್ನ ಮುಂದೆ ಅಳಲಿಲ್ಲ, ಬೈದಳು.

“ಮೇಲೆ ಹೋಗಿ ‘ಹೋಗಬೇಡ ಅಣ್ಣ’ ಅನ್ನೋಕೆ ನಿಮಗೇನು ಬಾಯಲ್ಲಿ ಸೂಜಿ ಸಿಕ್ಕಿಕೊಂಡಿದ್ಯಾ?”

“ಸುಮ್ಸುಮ್ನೆ ಹೇಗೆ ಹೋಗಲಿ? ಏನಾದ್ರೂ ಒಂದು ನೆಪ ಬೇಡ್ವಾ?”

ನೆಪವನ್ನು ಅವಳೇ ಹುಡುಕಿದಳು. ಸಮವಸ್ತ್ರ ಹೊಲಿಸಲು ಬಂದಿದ್ದ ನರ್ಸೊಬ್ಬರು ಬಿಸಿಲಿಗೆ ಒಳ್ಳೆಯದೆಂದು ಫ್ರೂಟ್ ಕಾಕ್‌ಟೇಲ್ ಮಾಡುವ ರೀತಿ ಹೇಳಿಹೋಗಿದ್ದರು. ಕಿತ್ತಳೆ ರಸಕ್ಕೆ ಅನಾನಸ್, ಬಾಳೆಹಣ್ಣು, ದ್ರಾಕ್ಷಿ, ಒಂದಿಷ್ಟು ಸಕ್ಕರೆ ಪಾಕ, ನಿಂಬೆರಸ ಹಾಕಿ ಫ್ರೀಜರಿನಲ್ಲಿ ಇಡಬೇಕು. ಇಟ್ಟು ಮರೆಯುವಂತಿಲ್ಲ. ಆಗಾಗ ಫೋರ್ಕಿನಿಂದ ಕೆದಕುತ್ತಿದ್ದರೆ ಪುಡಿ ಐಸಿನಂತೆ ಹದವಾಗಿ ಬರುತ್ತದೆ, ಇಲ್ಲವಾದರೆ ಕಲ್ಲಾಗುತ್ತದೆ. ನಮ್ಮ ಫ್ರಿಜ್ಜಿನ ಫ್ರೀಜರಿನ ಬಾಗಿಲು ಮುರಿದು ಯಾವುದೋ ಕಾಲವಾಗಿತ್ತು; ಅದರಲ್ಲಿ ನಾನು ಗುಂಡಿಯ ಡಬ್ಬಿ ಇಡುತ್ತೇನೆ. ಗಟ್ಟಿ ಫ್ರೀಜರ್ ಇರುವುದು ಅಣ್ಣನ ಮನೆಯಲ್ಲಿ ಮಾತ್ರ.

“ಅಕ್ಕನಿಗೆ ಹೇಳಿದೀನಿ, ಡಬ್ಬಿ ಇಟ್ಕೋತಾರೆ. ಕೆದಕೋಕೆ ಮಾತ್ರ ನೀವೇ ಹತ್ತಿ ಇಳೀಬೇಕು. ನನಗೆ ಮಂಡಿ ನೋವು” ಎಂದಳು. ಅಲ್ಲಿಯವರೆಗೆ ಅವಳಿಗೆ ಮಂಡಿಗಳಿವೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಹಣ್ಣು ಹೆಚ್ಚಲು ಕೂತೆ. ಜೀವಮಾನವೆಲ್ಲ ಕತ್ತರಿಸುವ ಕೆಲಸವನ್ನೇ ಮಾಡಿದವನಿಗೆ ಬಾಳೆಹಣ್ಣು ಯಾವ ಲೆಕ್ಕ ಎಂದುಕೊಂಡೆ. ಬಾಳೆಹಣ್ಣು ಬಟ್ಟೆಯ ಹಾಗೆ ನೆಟ್ಟಗೆ ಮಲಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಅನಾನಸಿನ ಮುಳ್ಳು ಚುಚ್ಚಿ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಅಂಗುಸ್ತಾನ ಹಾಕಿಕೊಂಡೆ. ದ್ರಾಕ್ಷಿಗೆ ಚಾಕು ಜಾರುತ್ತದೆಂದು ಬಟ್ಟೆಯ ಕತ್ತರಿ ಎತ್ತಿಕೊಂಡಾಗ ಹೆಂಡತಿ ಅದನ್ನು ಕಿತ್ತುಕೊಂಡು, “ಇನ್ನು ಟೇಪು ತಂದು ದ್ರಾಕ್ಷಿಗೆ ಸೊಂಟದ ಅಳತೆ ತಗೊಳ್ಳಿ” ಎಂದಳು. ಅಂತೂ ಡಬ್ಬಿ ತುಂಬಿತು. ಒಂದು ತುಂಡು ಇನ್ನೊಂದರ ಹಾಗಿರಲಿಲ್ಲ. ಮಧ್ಯಾಹ್ನ ಅದನ್ನು ಹಿಡಿದುಕೊಂಡು ನನ್ನ ಸ್ವಂತ ಮನೆಯ ಮೆಟ್ಟಿಲನ್ನು ಕಳ್ಳನ ಹಾಗೆ ಹತ್ತಿದೆ.

ಅಣ್ಣ ಬನಿಯನ್ನಿನಲ್ಲಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ. ನನ್ನನ್ನು ನೋಡಲಿಲ್ಲ. ಅತ್ತಿಗೆ ಡಬ್ಬಿ ಫ್ರೀಜರಿಗೆ ಸೇರಿಸಿದರು. ನಾನು ಹೇಳಬೇಕೆಂದುಕೊಂಡಿದ್ದನ್ನು ಗಂಟಲವರೆಗೆ ತಂದು, ಕೆಮ್ಮಿ, ಹಿಂದಿರುಗಿದೆ.

ಎರಡನೆಯ ಸಲ ಫೋರ್ಕು ಹಿಡಿದು ಹೋದಾಗ ಅಣ್ಣ ಫ್ಯಾನಿಗೆ ಹೇಳಿದ: “ಕೆಲವರಿಗೆ ಹೊತ್ತುಗೊತ್ತು ಇಲ್ಲ. ಪದೇ ಪದೇ ಫ್ರಿಜ್ ಬಾಗಿಲು ತೆಗೀತಾರೆ.” ನಾನೂ ಫ್ಯಾನಿಗೇ ಹೇಳಿದೆ: “ಕೆದಕದಿದ್ರೆ ಕಲ್ಲಾಗುತ್ತಂತೆ.” ಅದು ಇಬ್ಬರ ಮಾತನ್ನೂ ಕೇಳಿಕೊಂಡು ಬಿಸಿ ಗಾಳಿಯನ್ನು ಬೀಸುತ್ತಲೇ ಇತ್ತು.

ಮೂರನೆಯ ಸಲಕ್ಕೂ ಡಬ್ಬಿಯಲ್ಲಿ ಹಣ್ಣು ಈಜಾಡುತ್ತಿತ್ತು. ಕೆದಕಲು ಏನೂ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾನು ತಪ್ಪನ್ನು ಫ್ರಿಜ್ಜಿನ ಮೇಲೆ ಹಾಕಿದೆ. “ಈ ಫ್ರಿಜ್ಜಿಗೆ ವಯಸ್ಸಾಯ್ತು ಅತ್ತಿಗೆ, ಕೈಲಾಗಲ್ಲ.”

ಅಣ್ಣ ಕುರ್ಚಿಯಿಂದ ಎದ್ದ. ಅವನನ್ನು ಬೈದರೆ ಸಹಿಸಿಯಾನು, ಅವನ ಗಾಡಿಯನ್ನೋ ಫ್ರಿಜ್ಜನ್ನೋ ಬೈದರೆ ಸಹಿಸಲಾರ. “ಲೋ! ಅದರ ಸುದ್ದಿಗೆ ಬಂದ್ರೆ ನೋಡು! ಬಾ ಇಲ್ಲಿ, ಕೈ ಇಡು” ಎಂದು ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಗೋಡೆಗೆ ಒತ್ತಿದ. ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಾಯಿತು. “ಇಂಥ ಕೋಣೇಲಿ ಅದು ತಾನೇ ಏನ್ ಮಾಡುತ್ತೆ? ಹಗಲೂ ರಾತ್ರಿ ಓಡ್ತಾನೇ ಇದೆ ಪಾಪ.”

ಕೊನೆಗೂ ನನ್ನ ಜೊತೆ ಮಾತಾಡಿದ್ದ! ಈಗಲಾದರೂ ನಾನು ‘ಅಣ್ಣ, ಕೆಳಗೆ ಬಾ’ ಎನ್ನಬೇಕಿತ್ತು. ಏನಂದೆ ಗೊತ್ತೇ? “ಫ್ರಿಜ್ ಕೆಳಗೆ ತಗೊಂಡು ಹೋಗೋಣ. ಪಾಪ, ತಂಪಲ್ಲಿರಲಿ” ಎಂದೆ. ಒಡಹುಟ್ಟಿದವನನ್ನು ಕರೆಯಲಾರದೆ ಅವನ ಫ್ರಿಜ್ಜನ್ನು ಕರೆದ ಗಂಡಸು ನಾನು.

ಅಣ್ಣ ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ಆಯ್ತು, ಫ್ರಿಜ್ಜಾದ್ರೂ ಸುಖವಾಗಿರಲಿ. ಮೆಟ್ಟಿಲ ತಿರುವಲ್ಲಿ ಹೋಗುತ್ತಾ?” ಎಂದ.

ನಾನು ಕೊರಳಿಗೆ ಹಾಕಿಕೊಂಡಿದ್ದ ಟೇಪನ್ನು ಠೀವಿಯಿಂದ ಎಳೆದೆ. ಫ್ರಿಜ್ಜು ಅಳೆದೆ, ತಿರುವು ಅಳೆದೆ. “ಆರಾಮಾಗಿ ಹೋಗುತ್ತೆ” ಎಂದೆ.

ಅತ್ತಿಗೆ ಡಬ್ಬಿ ಹಿಡಿದು ಮುಂಚೆಯೇ ಕೆಳಗಿಳಿದರು. ಅಣ್ಣ ಫ್ರಿಜ್ಜಿನ ಕೆಳಗಿನ ತುದಿ ಹಿಡಿದು ಹಿಂದು ಹಿಂದಕ್ಕೆ ಇಳಿದ, ನಾನು ಮೇಲಿನ ತುದಿ ಹಿಡಿದೆ. “ಬರಲಿ ಬರಲಿ... ಎಡಕ್ಕೆ ಹೊಡಿ... ಇನ್ನೂ ಬರಲಿ” ಎಂದು ಅವನು ಮೂವತ್ತು ವರ್ಷ ಕಂಡಕ್ಟರುಗಳಿಂದ ಹೇಳಿಸಿಕೊಂಡಿದ್ದನ್ನೆಲ್ಲ ನನಗೆ ಹೇಳಿದ. ತಿರುವಿನಲ್ಲಿ ಕಟಕ್ ಎಂದು ಒಂದು ಸದ್ದಾಯಿತು. ಫ್ರಿಜ್ಜು ಗೋಡೆಗೂ ಮೆಟ್ಟಿಲ ಬದಿಯ ಕಬ್ಬಿಣದ ಕಟಕಟೆಗೂ ನಡುವೆ ಕಚ್ಚಿಕೊಂಡು ನಿಂತಿತು. ತಳ್ಳಿದೆವು, ಎಳೆದೆವು, ಒಬ್ಬರನ್ನೊಬ್ಬರು ಬೈದೆವು. ಅದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆ ಫ್ರಿಜ್ಜು ಮೇಲೆ ಹೋದ ಕಾಲದಲ್ಲಿ ಕಟಕಟೆ ಇರಲಿಲ್ಲ. ಈಗ ಎಷ್ಟು ಸಾಲದಾಗಿದೆ ಎಂದು ಅಳೆಯಲು ಹೋಗಲಿಲ್ಲ. ಬೀದಿಗೆಲ್ಲ ಗೊತ್ತಿರುವ ಲೆಕ್ಕ ಅದು.

ಹೆಂಡತಿ ವೆಲ್ಡರಿಗೆ ಫೋನ್ ಮಾಡಿದಳು. ಕಟಕಟೆ ಕತ್ತರಿಸದೆ ಬೇರೆ ದಾರಿಯಿಲ್ಲ, ನಾಳೆ ಬೆಳಿಗ್ಗೆಯೇ ಬರುವುದು ಎಂದನಂತೆ. ಆಗ ನಮಗೆಲ್ಲ ಒಂದು ವಿಷಯ ಹೊಳೆಯಿತು. ಅಣ್ಣ, ಅತ್ತಿಗೆ, ನನ್ನ ಹೆಂಡತಿ ಫ್ರಿಜ್ಜಿನ ಆ ಕಡೆ, ಅಂದರೆ ತಣ್ಣನೆಯ ನನ್ನ ಹಾಲ್‌ನಲ್ಲಿ. ಈ ಕಡೆ, ಕಾದ ಹೆಂಚಿನಂಥ ಮನೆಯಲ್ಲಿ, ನಾನೊಬ್ಬನೇ.

ನನಗೆ ಗೊತ್ತಿತ್ತು, ಈಗ ಅಣ್ಣ ಅಂದೇ ಅನ್ನುತ್ತಾನೆ. ಅವನ ಜಾಗದಲ್ಲಿ ನಾನಿದ್ದಿದ್ದರೆ ಬಾಲ್ಕನಿಯ ಕೆಳಗೆ ಹೋಗಿ ನಿಂತು, ಬೀದಿಯವರನ್ನೆಲ್ಲ ಸೇರಿಸಿ, “ಮಾಡಿದ್ದುಣ್ಣೋ ಮಾರಾಯ” ಎಂದು ರಾಗವಾಗಿ ಹೇಳುತ್ತಿದ್ದೆ. ಕಣ್ಣು ಮುಚ್ಚಿ ಕಾದೆ.

ಫ್ರಿಜ್ಜಿಗೂ ಮೇಲಿನ ಛಾವಣಿಗೂ ಮಧ್ಯೆ ಇದ್ದ ಸಂದಿಯಿಂದ ಒಂದು ಲೋಟ ಬಂತು. ಅದರ ಹಿಂದೆ ಅಣ್ಣನ ಕೈ.

“ತಗೊಂಡು ಕುಡಿ. ಗಟ್ಟಿಯಾಗ್ಲಿಲ್ಲ, ಆದರೆ ರುಚಿಯಾಗಿದೆ. ಕತ್ತಲಾಗೋವರೆಗೂ ಗೋಡೆ ಹತ್ರ ಕೂರಬೇಡ. ಬಕೆಟ್ಟಲ್ಲಿ ಬೆಡ್‌ಶೀಟ್ ನೆನೆಸಿಟ್ಟಿದೀನಿ, ಹಿಂಡಿ ಕಿಟಕಿಗೆ ಕಟ್ಕೋ.”

ಅಷ್ಟೇ ಅಂದ. ಆ ಬೆಡ್‌ಶೀಟಿನ ನೀರು ತೊಟ್ಟಿಕ್ಕಿ ನನ್ನ ಗಿರಾಕಿಗಳ ತಲೆ ಒದ್ದೆಯಾಗುತ್ತದೆಂದು ನಾನು ಈ ಬೇಸಿಗೆಯಲ್ಲಿ ಎಷ್ಟು ಸಲ ಗೊಣಗಿದ್ದೆನೋ! ನೆಲದ ಮೇಲೆ ಕೂತು ಲೋಟ ಬರಿದು ಮಾಡಿದೆ. ಸಂಕಟವಾಯಿತು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಸಂಜೆ ಬಾಲ್ಕನಿಗೆ ಹೋದೆ. ಇಷ್ಟು ವರ್ಷದಲ್ಲಿ ನಾನು ಅಲ್ಲಿ ಕೂತಿರಲೇ ಇಲ್ಲ. ಎರಡು ಬೆತ್ತದ ಕುರ್ಚಿಗಳಿದ್ದವು, ಒಂದು ಸವೆದು ಹಳ್ಳ ಬಿದ್ದಿತ್ತು, ಇನ್ನೊಂದು ಹೊಸದರಂತಿತ್ತು. ಕೆಳಗೆ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ತಲೆ ಎತ್ತಿ, “ಆ ಚೆನ್ನಾಗಿರೋದ್ರಲ್ಲಿ ಕೂತ್ಕೊಳಪ್ಪ. ನೀನು ಗಾಳಿಗೆ ಬರ್ತೀಯ ಅಂತ ಅವರು ಮನೆ ಕಟ್ಟಿಸಿದಾಗಲೇ ತಂದಿಟ್ಟಿದ್ದು. ದಿನಾ ಕರೀತಿದ್ರಲ್ಲ” ಎಂದರು. ಅವರು ಹಂಗಿಸಲು ಹೇಳಲಿಲ್ಲ, ಸುಮ್ಮನೆ ಹೇಳಿದರು. ನಾನು ಆ ಕುರ್ಚಿಯಲ್ಲಿ ಕೂರಲಾರದೆ ಒಳಗೆ ಹೋದೆ. ಆ ರಾತ್ರಿ ನಿದ್ದೆ ಬಂತೇ ಎಂದು ಯಾರೂ ಕೇಳಬೇಡಿ. ಕೆಳಗಿನಿಂದ ಅಣ್ಣನ ಗೊರಕೆ ಮಾತ್ರ ಬೆಳಗಿನವರೆಗೂ ಚೆನ್ನಾಗಿ ಕೇಳಿಸುತ್ತಿತ್ತು.

ಬೆಳಿಗ್ಗೆ ವೆಲ್ಡರ್ ಬಂದು ಕಟಕಟೆ ಕತ್ತರಿಸಿದ. ಫ್ರಿಜ್ಜು ಇಳಿಯಿತು, ಅದರ ಹಿಂದೆ ನಾನು ಇಳಿದೆ. ಯೂನಿಫಾರಂ ತೆಗೆದುಕೊಳ್ಳಲು ಬಂದ ಗಿರಾಕಿಗಳು ಹಾಲ್‌ನಲ್ಲಿ ತುಂಬಿದ್ದರು. ವಿಷಯ ಆಗಲೇ ತಿಳಿದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ಬ್ರೋಕರ್ ಹೆಲ್ಮೆಟ್ ಹಿಡಿದು ನಿಂತಿದ್ದ, ಕರಾರಿಗೆ ಸಹಿ ಹಾಕಿಸಲು ಅಣ್ಣನನ್ನು ಕರೆದೊಯ್ಯಬೇಕಿತ್ತು. ಅಣ್ಣ ಕಟಿಂಗ್ ಟೇಬಲ್ಲಿನ ಕೆಳಗಿನಿಂದ ದಿಂಬು ಹಿಡಿದು ಎದ್ದು ಬಂದ. ಟೇಬಲ್ ಸರಿಸಿರಲಿಲ್ಲ. ನನ್ನ ವಸ್ತು ಮುಟ್ಟಬಾರದೆಂದು ಅದರ ಅಡಿಯಲ್ಲೇ, ಕಾಲು ಮಡಚಿಕೊಂಡು ಮಲಗಿದ್ದನಂತೆ.

ಅದನ್ನು ನೋಡಿದ ಮೇಲೆ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಟೇಬಲ್ಲಿನ ಮೇಲಿದ್ದ ಯೂನಿಫಾರಂ ರಾಶಿಯನ್ನು ಎರಡು ಕೈಯಲ್ಲೂ ಬಾಚಿ ನೆಲಕ್ಕೆ ಹಾಕಿದೆ. ಟೇಬಲ್ಲಿನ ಒಂದು ತುದಿ ಹಿಡಿದು ಎಳೆದೆ. ನನ್ನ ಬಡಕಲು ಮೈಗೆ ಅದು ಒಂದು ಗೇಣು ಮಾತ್ರ ಜರುಗಿತು.

“ಏನೋ ಮಾಡ್ತಿದೀಯ?” ಎಂದ ಅಣ್ಣ.

“ಇದನ್ನ ಮೂಲೆಗೆ ಹಾಕ್ತೀನಿ. ಬೇಸಿಗೆ ಮುಗಿಯೋವರೆಗೂ ಎಲ್ಲರೂ ಕೆಳಗೇ ಇರೋಣ. ಅಣ್ಣ, ಆ ಮನೆ ಬೇಡ. ನೀನು ಹೋಗಬೇಡ.”

ಎಷ್ಟು ಮೆಲ್ಲಗೆ ಹೇಳಿದೆನೆಂದರೆ ನನಗೇ ಸರಿಯಾಗಿ ಕೇಳಿಸಲಿಲ್ಲ. ಅಣ್ಣ ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಕೂತಿದ್ದ ಗಿರಾಕಿಗಳನ್ನು ಒಂದು ಸಲ ನೋಡಿ, ನನ್ನನ್ನು ನೋಡಿದ.

“ಅವತ್ತು ನೀನು ಎರಡು ಸಲ ಹೇಳಿದ್ದೆ. ಅದೂ ಜೋರಾಗಿ.”

ನಾನು ಹೇಳಿದೆ. ‘ಹೋಗಬೇಡ ಅಣ್ಣ’ ಎಂದು ಎರಡು ಸಲ ಹೇಳಿದೆ, ಜೋರಾಗಿ. ಎರಡನೆಯ ಸಲಕ್ಕೆ ದನಿ ಕೀರಲಾಯಿತು. ಯಾರೂ ನಗಲಿಲ್ಲ.

ಅಣ್ಣ ದಿಂಬನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಟೇಬಲ್ಲಿನ ಇನ್ನೊಂದು ತುದಿ ಹಿಡಿದು, ಬ್ರೋಕರನ ಕಡೆ ತಿರುಗಿದ. “ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸ್ವಾಮಿ, ಟೇಬಲ್ ತಾಗೀತು. ಇವನ ಅಳತೆ ನಂಬೋ ಹಾಗಿಲ್ಲ.”