ಪರೀಕ್ಷೆಯ ಹಿಂದಿನ ದಿನದ ಮಾತ್ರೆ

ನನ್ನ ಕೈಗೆ ಕೊಟ್ಟ ಮಾತ್ರೆಯ ಪೊಟ್ಟಣವನ್ನು ನಮ್ಮ ಮೊಹಲ್ಲಾದ ದವಾಖಾನೆಯ ಕಾಂಪೌಂಡರು ತಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಬಿ.ಎ. ಪರೀಕ್ಷೆಯೆಂದು ನಾನು ಸೀನುತ್ತಲೇ ಹೇಳಿದ್ದೆ.

“ಇದು ನೆಗಡಿ ನಿಲ್ಸುತ್ತೆ ಕಣಮ್ಮ, ಆದ್ರೆ ನಿದ್ದೆ ಬರ್ಸುತ್ತೆ. ನನ್ ಮಗಳು ಪರೀಕ್ಷೆ ದಿನ ಸೀನ್ತಾಳೆ ಅಂತ ನಾನೇ ನುಂಗಿಸ್ಬುಟ್ಟೆ. ಉತ್ತರಪತ್ರಿಕೆ ಮೇಲೇ ತಲೆಯಿಟ್ಟು ಮಲಗ್ಬುಟ್ಲು. ಆಮೇಲೆ ಓದೋಕೇ ಹೋಗ್ಲಿಲ್ಲ. ನೀನು ಸೀನ್ಕೊಂಡೇ ಬರ್ದ್ಬುಡು.”

ಪೊಟ್ಟಣದ ಮೇಲಿದ್ದ ‘ಬೆಳಿಗ್ಗೆ, ರಾತ್ರಿ’ ಎಂಬುದನ್ನು ಹೊಡೆದುಹಾಕಿ, ‘ಪರೀಕ್ಷೆ ಬರೆದ ಮೇಲೆ’ ಎಂದು ನಿಧಾನವಾಗಿ ಬರೆದುಕೊಟ್ಟರು. ಮರುದಿನ ನಾಲ್ಕು ಕರವಸ್ತ್ರ ಒದ್ದೆಯಾದವು. ಒಂದು ಪ್ರಶ್ನೆಯನ್ನೂ ಬಿಡಲಿಲ್ಲ.

ಪಾಸಾದೆ. ಆ ಸುದ್ದಿ ಅವರಿಗೆ ಸಂತೋಷ ತರುತ್ತದೋ, ಮಗಳನ್ನು ನೆನಪಿಸಿ ನೋಯಿಸುತ್ತದೋ ತಿಳಿಯದೆ ದವಾಖಾನೆಗೆ ಹೋಗಲಿಲ್ಲ. ಹೋಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.