ಹದಿನಾರು ಎಣಿಕೆ ನಡೆಯಲು ಬರಬೇಕು

ಅವರ ಕೊರಳಿನ ಸರದಲ್ಲಿ ಒಂದು ಶಿಲುಬೆಯೂ ಒಂದು ಸ್ಟೀಲಿನ ವಿಸಿಲ್ಲೂ ಒಟ್ಟಿಗೆ ತೂಗುತ್ತಿದ್ದವು. ನಡೆಯುವಾಗ ಎರಡೂ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಆ ಸದ್ದು ಕೇಳಿದರೆ ಸಾಕು, ಮಕ್ಕಳು ತಾವಾಗಿಯೇ ಸಾಲು ಕಟ್ಟುತ್ತಿದ್ದರು. ಬಾಗಿಲಿಗೆ ತಲೆ ತಾಗೀತೇನೋ ಎನ್ನುವಷ್ಟು ಎತ್ತರದ ಹೆಂಗಸು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಕಾಲಿಗೆ ನರ್ಸುಗಳು ಹಾಕುವ ಬಿಳಿ ಶೂ. ಕುವೈತಿನ ಆಸ್ಪತ್ರೆಯೊಂದರಲ್ಲಿ ಬಹುಕಾಲ ಮೂಳೆ ಮುರಿದವರ ವಾರ್ಡು ನೋಡಿಕೊಂಡು, ನಿವೃತ್ತಿಯಾಗಿ ಊರಿಗೆ ಬಂದು, ಜೆಪ್ಪುವಿನ ತಮ್ಮ ಮನೆಯ ಮುಂದಿನ ಹಾಲ್‌ನಲ್ಲಿ ಡ್ಯಾನ್ಸ್ ಕ್ಲಾಸು ತೆರೆದಿದ್ದರು. ಮದುವೆಗೆ ಮುಂಚೆ ವಾಲ್ಟ್ಸ್ ಕಲಿಯಲು ಬರುವ ಜೋಡಿಗಳಿಂದ ಹಿಡಿದು ಸಿನಿಮಾ ಹಾಡಿಗೆ ಕುಣಿಯುವ ಚಿಕ್ಕ ಮಕ್ಕಳವರೆಗೆ ಎಲ್ಲರಿಗೂ ಅವರು ಟೀಚರ್.

ನನ್ನ ಮಗಳು ಅವರಲ್ಲಿಗೆ ಹೋಗುವಾಗ ಅವಳಿಗೆ ಒಂಬತ್ತು ವರ್ಷ. ಅಷ್ಟರಲ್ಲೇ ಅವಳು ಮೊಬೈಲ್ ನೋಡಿ ಹಿಂದಕ್ಕೆ ಪಲ್ಟಿ ಹೊಡೆಯಲು ಕಲಿತಾಗಿತ್ತು. ಆ ಪಲ್ಟಿಯ ವಿಡಿಯೋ ದುಬೈಯಲ್ಲಿದ್ದ ನನ್ನ ಗಂಡನಿಗೆ ಹೋಗಿ, ಅಲ್ಲಿಂದ ನಮ್ಮ ಕುಟುಂಬದ ಸಮಸ್ತ ವಾಟ್ಸಾಪ್ ಗುಂಪುಗಳಿಗೂ ಹೋಗಿತ್ತು. ಕ್ಲಾಸಿನ ಮೊದಲ ದಿನ ಅವಳು ಅದನ್ನೇ ತೋರಿಸಿದಳು. ಟೀಚರ್ ವಿಸಿಲ್ ಊದಿದರು. ಕಿವಿ ಗುಂಯ್ ಎಂದಿತು.

"ಇಲ್ಲಿ ಪಲ್ಟಿ ಇಲ್ಲ," ಎಂದರು. "ಪಲ್ಟಿ ಹೊಡೆದವರನ್ನು ನಾನು ತುಂಬಾ ನೋಡಿದ್ದೇನೆ. ಎಲ್ಲ ಮಲಗಿಕೊಂಡೇ ಇದ್ದರು."

ಆ ವರ್ಷ ನಮ್ಮ ಪರಿಸರದ ಕೆಲವು ಸಂಘಗಳು ಸೇರಿ ಹೊಸಬರಿಗೆಂದೇ ಒಂದು ನೃತ್ಯ ಸ್ಪರ್ಧೆ ಇಟ್ಟವು. ಸ್ಪರ್ಧೆಗೆ ಇಳಿಯುವ ಹೊಸಬರಿಗೆ ಕನಿಷ್ಠ ಏನೇನು ಬರಬೇಕು ಎಂದು ನಿಶ್ಚಯಿಸುವ ಕೆಲಸ ಟೀಚರ್ ಪಾಲಿಗೆ ಬಂತು. ಅವರ ಮನೆಮಾತು ಕೊಂಕಣಿ. ಕನ್ನಡ ಬರೆಯಲು ಕೈ ತಡವರಿಸುತ್ತಿತ್ತು. ನಾನು ಬ್ಯಾಂಕಿನವಳು, ಅಕ್ಷರ ಚೆನ್ನಾಗಿದೆ ಎಂದು ನನ್ನನ್ನು ಸಭೆಗೆ ಕರೆದುಕೊಂಡು ಹೋದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ತಾಳಕ್ಕೆ ಸರಿಯಾಗಿ ಹದಿನಾರು ಎಣಿಕೆ ನಡೆಯಲು ಬರಬೇಕು. ಬಲಕ್ಕೊಂದು ಎಡಕ್ಕೊಂದು ಸುತ್ತು ತಿರುಗಿ ಹೊರಟ ದಿಕ್ಕಿಗೇ ಮುಖ ಮಾಡಬೇಕು. ಜಿಗಿದರೆ ಸದ್ದಾಗದಂತೆ ಇಳಿಯಬೇಕು. ಹಾಡು ನಿಂತಾಗ ನಿಲ್ಲಬೇಕು. ತಪ್ಪಿದರೆ ಮಾತ್ರ ನಿಲ್ಲಬಾರದು.

ಸಮಿತಿಯ ಅಧ್ಯಕ್ಷರದ್ದು ಕೇಟರಿಂಗ್ ವ್ಯಾಪಾರ. ಅವರಿಗೆ ಈ ಪಟ್ಟಿ ತೀರಾ ಸಪ್ಪೆ ಅನ್ನಿಸಿತು.

"ಎಂತ ಟೀಚರೇ ಇದು? ಒಂದು ಪಲ್ಟಿಯಾದರೂ ಇರಲಿ. ಜನ ಚಪ್ಪಾಳೆ ಹೊಡೀಬೇಡವಾ?"

"ನೀವು ಎಲೆ ಹಾಕಿದ ಮೇಲೆ ಮೊದಲು ಎಂತ ಬಡಿಸ್ತೀರಿ? ಪಾಯಸವಾ?"

"ಛೆ, ಅಲ್ಲ. ಉಪ್ಪು, ಉಪ್ಪಿನಕಾಯಿ."

"ಹಾಂ. ಇದು ಅದೇ. ಪಾಯಸ ಮುಂದಿನ ವರ್ಷ."

ಅಧ್ಯಕ್ಷರು ಸಹಿ ಹಾಕಿದರು.

ಸ್ಪರ್ಧೆಗೆ ಮುಂಚೆ ಪ್ರತಿಯೊಬ್ಬರಿಗೂ ಟೀಚರ್ ಮುಂದೆ ಪರೀಕ್ಷೆ. ನನ್ನ ಮಗಳು ಹೋದಳು, ಫೇಲಾಗಿ ಬಂದಳು. ಎಂಟನೇ ಎಣಿಕೆಗೆ ಅವಳು ಆಚೆ ಗೋಡೆ ಮುಟ್ಟಿಯಾಗಿತ್ತಂತೆ. ಎಡಕ್ಕೆ ಸುತ್ತಿದವಳು ಹೊರಟ ದಿಕ್ಕು ಬಿಟ್ಟು ಕಿಟಕಿಗೆ ಮುಖ ಮಾಡಿ ನಿಂತಳಂತೆ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಕೈಯಾರೆ ಬರೆದ ನಿಯಮದಲ್ಲಿ ನನ್ನ ಮಗಳೇ ಬಿದ್ದಿದ್ದಳು. ಮರುದಿನ ಕ್ಲಾಸಿನ ಹೊತ್ತಿಗೆ ಬ್ಯಾಂಕಿನಿಂದ ನೇರ ಅಲ್ಲಿಗೇ ಹೋದೆ.

"ಪಲ್ಟಿ ಹೊಡೆಯುವ ಹುಡುಗಿಗೆ ನಡೆಯಲು ಬರುದಿಲ್ಲ ಅಂದ್ರೆ ಎಂತ ಅರ್ಥ ಟೀಚರೇ?"

ಅವರು ಸ್ಪೀಕರಿನ ಗುಂಡಿ ಒತ್ತಿದರು. "ನೀವು ನಡೀರಿ ನೋಡುವ."

ಹೆಗಲಲ್ಲಿ ವ್ಯಾನಿಟಿ ಬ್ಯಾಗ್ ಇದ್ದಂತೆಯೇ ನಡೆದೆ. ಹುಟ್ಟಿದ ಮೇಲೆ ನಲವತ್ತು ವರ್ಷ ನಡೆದವಳು ನಾನು. ಆದರೂ ಐದಕ್ಕೆ ಹಾಡು ನನ್ನನ್ನು ಹಿಂದೆ ಹಾಕಿತು, ಹತ್ತಕ್ಕೆ ನಾನು ಹಾಡನ್ನು ಹಿಂದೆ ಹಾಕಿದೆ. ಹದಿನಾರಕ್ಕೆ ನಾವಿಬ್ಬರೂ ಬೇರೆ ಬೇರೆ ಊರಿನಲ್ಲಿದ್ದೆವು. ಮಕ್ಕಳೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನನ್ನ ಮಗಳು.

"ಅಮ್ಮನಿಂದಲೇ ಬಂದದ್ದು," ಎನ್ನುತ್ತ ಟೀಚರ್ ಸ್ಪರ್ಧೆಯ ಪುಸ್ತಕ ತೆಗೆದು ನನ್ನ ಹೆಸರು ಬರೆದರು. ನಾನು ಹೌಹಾರಿದೆ. ಅವರು ಪಟ್ಟಿ ತೋರಿಸಿದರು. "ಹೊಸಬರು ಅಂತ ಬರೆದದ್ದು ನೀವೇ. ವಯಸ್ಸು ಬರೆದಿದ್ದೀರಾ?"

ಬರೆದಿರಲಿಲ್ಲ.

ಮೂರು ವಾರ ಅಮ್ಮ ಮಗಳು ಒಟ್ಟಿಗೆ ನಡೆದೆವು. ಬಸ್‌ಸ್ಟ್ಯಾಂಡಿಗೆ ಹೋಗುವಾಗ ಎಣಿಸಿದೆ, ಬ್ಯಾಂಕಿನ ಮೇಜಿನ ಅಡಿಯಲ್ಲಿ ಕಾಲಿನಿಂದ ಎಣಿಸಿದೆ. ಅಡುಗೆಮನೆಯಲ್ಲಿ ಎಡಕ್ಕೆ ಸುತ್ತುವಾಗ ಅತ್ತೆ ನೋಡಿ, "ದಾದ ಮಾರಾಯ್ತಿ ಉಂದು, ಕಾರ್ ಬೇನೆನಾ?" ಎಂದು ತುಳುವಿನಲ್ಲಿ ಕೇಳಿದರು, ಇದೇನು, ಕಾಲು ನೋವೇ ಎಂದು. "ಕಾಲಿಗೆ ಅವಸರ ಇಲ್ಲ, ಅವಸರ ಇರುದು ತಲೆಗೆ," ಎಂದು ಟೀಚರ್ ದಿನಾ ಹೇಳುತ್ತಿದ್ದರು. ಕೊನೆಗೆ ಇಬ್ಬರೂ ಪಾಸಾದೆವು. ನನ್ನ ಸುತ್ತು ನೋಡಿ ಅವರು ಸ್ವಲ್ಪ ಹೊತ್ತು ಯೋಚಿಸಿದ್ದು ಮಾತ್ರ ನಿಜ.

ಸ್ಪರ್ಧೆಯ ಹಿಂದಿನ ದಿನ ನನ್ನ ಧೈರ್ಯವೆಲ್ಲ ಉಡುಗಿತು. ಕೌಂಟರಿಗೆ ಬರುವ ಗಿರಾಕಿಗಳೆಲ್ಲ ಎದುರು ಕೂತಿರುತ್ತಾರೆ. ನನ್ನ ಹೆಸರು ಹೊಡೆದುಹಾಕಿ ಎಂದು ಬೇಡಿಕೊಂಡೆ, ಎಲ್ಲರೂ ನಗುತ್ತಾರೆ ಎಂದೆ.

"ನಗ್ತಾರೆ. ಖಂಡಿತ ನಗ್ತಾರೆ," ಎಂದರು ಟೀಚರ್. "ನಾನು ಡ್ಯಾನ್ಸ್ ಕಲಿಯಲು ಸೇರಿದ್ದು ಐವತ್ತೆರಡಕ್ಕೆ, ಗೊತ್ತುಂಟಾ? ಕುವೈತಿನಲ್ಲಿ, ಡ್ಯೂಟಿ ಮುಗಿಸಿ ಇದೇ ಶೂ ಹಾಕಿಕೊಂಡು ಹೋಗ್ತಿದ್ದೆ. ಆ ಕ್ಲಾಸಿನವರೂ ನಕ್ಕಿದ್ರು. ನಗುವವರು ಕೂತಿರ್ತಾರೆ ಮಾರಾಯ್ತಿ, ನಾವು ನಿಂತಿರ್ತೇವೆ."

ಅವರು ಹುಟ್ಟಿನಿಂದಲೇ ಕುಣಿಯುತ್ತ ಬಂದವರೆಂದು ನಾನು ತಿಳಿದಿದ್ದೆ. ಪುಸ್ತಕದಲ್ಲಿ ನನ್ನ ಹೆಸರು ಹಾಗೆಯೇ ಉಳಿಯಿತು.

ಮರುದಿನ ನನ್ನ ಮಗಳು ಒಂದೂ ಪಲ್ಟಿ ಇಲ್ಲದೆ ಮೂರನೇ ಬಹುಮಾನ ಪಡೆದಳು. ನಾನು ಎಂಟು ವರ್ಷದ ಇಬ್ಬರು ಹುಡುಗಿಯರ ನಡುವಿನ ಸರದಿಯಲ್ಲಿ ವೇದಿಕೆ ಹತ್ತಿದೆ. ನಡಿಗೆ ಸರಿಹೋಯಿತು, ಬಲದ ಸುತ್ತೂ ಸರಿಹೋಯಿತು. ಎಡದ ಸುತ್ತು ಮುಗಿದಾಗ ನನ್ನ ಎದುರಿಗೆ ಜನರಿರಲಿಲ್ಲ, ಹಿಂದಿನ ನೀಲಿ ಪರದೆ ಇತ್ತು. ಬೆನ್ನ ಹಿಂದೆ ನಗುವಿನ ಅಲೆಯೇ ಎದ್ದಿತು. ಓಡಿಹೋಗಲು ಪರದೆಯ ಪಕ್ಕದಲ್ಲಿ ದಾರಿಯೂ ಕಾಣುತ್ತಿತ್ತು. ಆದರೆ ಕಾಲು ಎಣಿಸುತ್ತಲೇ ಇತ್ತು. ಪರದೆಗೇ ಎಂಟು ಎಣಿಕೆ ಕುಣಿದು ತೋರಿಸಿ, ಒಂಬತ್ತಕ್ಕೆ ಜನರ ಕಡೆ ತಿರುಗಿ, ಹಾಡು ನಿಂತಾಗ ನಿಂತೆ. ಆಗ ಬಿದ್ದ ಚಪ್ಪಾಳೆ ಯಾವ ಪಲ್ಟಿಗೂ ಬಿದ್ದಿರಲಾರದು. ಹನ್ನೊಂದು ಜನರಲ್ಲಿ ನನಗೆ ಏಳನೆಯ ಸ್ಥಾನ.

ತೀರ್ಪುಗಾರರ ಕುರ್ಚಿಯಿಂದ ಎದ್ದು ಬಂದ ಟೀಚರ್ ಗಂಭೀರವಾಗಿ ಹೇಳಿದರು: "ಬೆನ್ನು ತೋರಿಸಿದ್ದು ತಪ್ಪು. ಅದಕ್ಕೆ ಮಾರ್ಕು ಕಟ್ ಮಾಡಿದ್ದೇನೆ. ಆದ್ರೆ ಬೆನ್ನು ತಾಳದಲ್ಲಿತ್ತು."

ಅದಾದ ಮೇಲೂ ನಾಲ್ಕು ವರ್ಷ ನಾನು ಅವರ ಕ್ಲಾಸಿಗೆ ಹೋದೆ. ಕಳೆದ ಮಳೆಗಾಲದಲ್ಲಿ ಅವರು ಜ್ವರವೆಂದು ಮಲಗಿ, ವಾರದೊಳಗೆ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಇಗರ್ಜಿಯ ಪ್ರಾರ್ಥನೆಯಲ್ಲಿ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ತಿಳಿಯದ ನಾನು ಎಲ್ಲದರಲ್ಲೂ ಒಂದು ಹೆಜ್ಜೆ ಹಿಂದಿದ್ದೆ. ಪಕ್ಕದಲ್ಲಿ ಕೇಟರಿಂಗ್ ಅಧ್ಯಕ್ಷರು ಮಕ್ಕಳಂತೆ ಅಳುತ್ತಿದ್ದರು.

ನಾನು ನೃತ್ಯಗಾತಿಯೇನೂ ಆಗಲಿಲ್ಲ. ಆದರೆ ಗೊತ್ತಿಲ್ಲದ ಕೆಲಸಕ್ಕೆ ಕೈಹಾಕುವಾಗ ಮೊದಲಿನಂತೆ ವಯಸ್ಸು ನೆನಪಾಗುವುದಿಲ್ಲ. ಆ ಋಣ ಅವರದ್ದು. ಕಳೆದ ತಿಂಗಳಿನಿಂದ ಈಜು ಕಲಿಯಲು ಹೋಗುತ್ತಿದ್ದೇನೆ. ನನ್ನ ಬ್ಯಾಚಿನ ಉಳಿದವರೆಲ್ಲ ಎರಡನೇ ಕ್ಲಾಸಿನ ಮಕ್ಕಳು. ಅವರಿಗೆ ಆಗಲೇ ತೇಲಲು ಬರುತ್ತದೆ.