ಆ ಎಣ್ಣೆ ಅಲ್ಲ

ಬಾಳ್ಳುಪೇಟೆಯಲ್ಲಿ ಬಸ್ಸಿಳಿದು ಬಾಳೆಹಣ್ಣು ಕೊಳ್ಳುತ್ತಿದ್ದಾಗ ಅಂಗಡಿಯ ಹಿರಿಯರು ಕೇಳಿದರು: "ನಿಮ್ಮಣ್ಣ ಎಣ್ಣೆ ವಿಷ್ಯ ನಿಮ್ಗೆ ಹೇಳೇ ಇಲ್ವಾ?"

ಹಣೆ ತುಂಬ ವಿಭೂತಿ ಧರಿಸಿ ತಕ್ಕಡಿಯ ಹಿಂದೆ ಕೂರುವ ಅವರು ಅಪ್ಪನ ಕಾಲದಿಂದಲೂ ನಮ್ಮ ಮನೆಯನ್ನು ಬಲ್ಲವರು, ಇಲ್ಲದ್ದನ್ನು ಹುಟ್ಟಿಸಿ ಹೇಳುವವರಲ್ಲ. "ಏನು ಎಣ್ಣೆ?" ಎಂದೆ. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಾನ್ ಹೇಳ್ದೆ ಅನ್ಬೇಡಿ ಕಣ್ರೀ. ಮೂರು ವಾರದಿಂದ ಐತಂತೆ. ಗದ್ದೆ ಕಡೆ ಯಾರ್ನೂ ಬಿಟ್ಕೊಳ್ತಿಲ್ಲ ನಿಮ್ಮಣ್ಣ."

ಎಣ್ಣೆ ಎಂದರೆ ಒಗ್ಗರಣೆಗೆ ಹಾಕುವುದೂ ಹೌದು, ತಲೆಗೆ ಹಚ್ಚುವುದೂ ಹೌದು. ಆದರೆ ನಮ್ಮ ಕಡೆ ದನಿ ತಗ್ಗಿಸಿ ಎಣ್ಣೆ ಎಂದರೆ ಒಂದೇ ಅರ್ಥ: ಕುಡಿತ. ಅಣ್ಣ ಅದನ್ನು ಬಿಟ್ಟು ಆರು ವರ್ಷವಾಗಿತ್ತು. ಬಿಡಿಸಲು ಅತ್ತಿಗೆಯೂ ನಾನೂ ಪಟ್ಟ ಪಾಡು ದೇವರಿಗೇ ಗೊತ್ತು. ಬಾಳೆಹಣ್ಣನ್ನು ಅಲ್ಲೇ ಮರೆತು ಪಾಳ್ಯದ ಕಡೆ ಹೊರಟಿದ್ದ ಬಸ್ಸಿಗೆ ಓಡಿದೆ.

ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ನಿಂತೇ ಇದ್ದೆ. ಕಂಡಕ್ಟರ್ ಎರಡು ಸಲ "ಕೂತ್ಕೊಳಿ ಮೇಡಂ" ಎಂದ, ಮೂರನೆಯ ಸಲ ಕೈಬಿಟ್ಟ. ನನ್ನದು ಮೊದಲಿಂದಲೂ ಕಾಲಿಗೆ ಚಕ್ರ ಕಟ್ಟಿಕೊಂಡ ಜಾಯಮಾನ. ಅದಕ್ಕೆ ಸರಿಯಾಗಿ ಕೆಲಸವೂ ಸಿಕ್ಕಿದೆ. ನೆಲದೊಳಗಿನ ಎಣ್ಣೆ ಹುಟ್ಟುವ ಕಲ್ಲು ಯಾವುದು, ಅದು ತಂಗುವ ಕಲ್ಲು ಯಾವುದು ಎಂದು ಹುಡುಕುವ ಕೆಲಸ. ಹಳೆಯ ಕಡಲುಗಳ ತಳದ ಕೆಸರಿನಲ್ಲಿ ಹೂತುಹೋದ ಸಣ್ಣ ಜೀವಿಗಳು ಕಪ್ಪು ಜೇಡಿಕಲ್ಲಿನೊಳಗೆ ಸೇರಿ, ಆಳದ ಕಾವಿನಲ್ಲಿ ಹದವಾಗಿ ಬೆಂದರೆ ಎಣ್ಣೆಯಾಗುತ್ತವೆ. ಆ ಕಲ್ಲು ಮೂಲಶಿಲೆ. ಹುಟ್ಟಿದ ಎಣ್ಣೆಯಲ್ಲಿ ಬಹುಪಾಲು ಅಲ್ಲಿ ನಿಲ್ಲುವುದಿಲ್ಲ, ಮೇಲಕ್ಕೆ ಜಿನುಗುತ್ತದೆ. ದಾರಿಯಲ್ಲಿ ಬನ್ನು ಕಾಫಿಯನ್ನು ಹೀರುವಂತೆ ಹೀರಿಕೊಳ್ಳುವ ಮರಳುಗಲ್ಲು ಸಿಕ್ಕರೆ ಅಲ್ಲಿ ತಂಗುತ್ತದೆ. ಅದು ಸಂಗ್ರಹಶಿಲೆ. ಇಪ್ಪತ್ತೆರಡು ವರ್ಷದಿಂದ ಎಲ್ಲೆಲ್ಲೋ ಅಲೆದು ತಂದ ಕಲ್ಲುಗಳನ್ನು ಕುಟ್ಟಿ, ಪುಡಿ ಮಾಡಿ, ಕಾಯಿಸಿ ನೋಡಿದ್ದೇನೆ. "ಕಲ್ಲು ಕುಟ್ಟಾಕೆ ಇಷ್ಟು ಓದ್ಬೇಕಿತ್ತಾ?" ಎಂದು ಅವ್ವ ಸಾಯುವ ತನಕ ಕೇಳುತ್ತಿದ್ದಳು.

ಮನೆ ತಲುಪಿದಾಗ ಅಣ್ಣ ಇರಲಿಲ್ಲ. ಅತ್ತಿಗೆ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ಬ್ಯಾಗು ಇಳಿಸಿದವಳೇ ಹುಡುಕಾಟಕ್ಕೆ ನಿಂತೆ. ಕಣಜದ ಹಿಂದೆ, ಕೊಟ್ಟಿಗೆಯ ಅಟ್ಟದ ಮೇಲೆ, ಗೊಬ್ಬರದ ಚೀಲಗಳ ಸಂದಿಯಲ್ಲಿ. ಹಿಂದೆ ಬಾಟಲಿ ಅಡಗಿಸುತ್ತಿದ್ದ ಜಾಗಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅತ್ತಿಗೆ ಮೊರ ಹಿಡಿದುಕೊಂಡೇ ಬಂದು ನೋಡಿದಳು.

"ಏನ್ ಹುಡುಕ್ತಿದೀಯೇ?"

"ಎಣ್ಣೆ."

"ಅಡ್ಗೆಮನೇಲೈತೆ."

ಅಷ್ಟರಲ್ಲಿ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಅಣ್ಣ ಬಂದ. ನನ್ನನ್ನು ಕಂಡು ಅವನ ಮುಖ ಕಪ್ಪಿಟ್ಟಿತು, ಅದೇ ನನಗೆ ಸಾಕ್ಷಿಯಾಯಿತು. ಹತ್ತಿರ ಹೋಗಿ "ಊದು" ಎಂದೆ, ಹೆದ್ದಾರಿಯಲ್ಲಿ ಲಾರಿ ತಡೆಯುವ ಪೊಲೀಸರ ಧಾಟಿಯಲ್ಲಿ.

"ತಲೆ ಕೆಟ್ಟೈತಾ ನಿಂಗೆ?"

"ಊದು ಅಂದ್ರೆ ಊದು. ಮೂರು ವಾರದಿಂದ ಕದ್ದುಮುಚ್ಚಿ ಏನು ನಡೆಸಿದ್ದೀಯ, ಬಾಳ್ಳುಪೇಟೆಗೆಲ್ಲ ಗೊತ್ತಿದೆ!"

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮಾರಾಯ್ತಿ, ಆ ಎಣ್ಣೆ ಅಲ್ಲ ಕಣೇ, ನಿನ್ ಎಣ್ಣೆ!" ಎಂದವಳೇ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಣ್ಣ ಅವಳನ್ನು ದುರುಗುಟ್ಟಿ ನೋಡಿದ. ಹೇಳಬಾರದ ಮಾತು ಹೊರಬಿದ್ದಿತ್ತು.

ಗದ್ದೆಯ ತಳಭಾಗದಲ್ಲಿ, ಕಾಫಿ ಗಿಡಗಳು ಶುರುವಾಗುವ ಕಡೆ, ಬದುವಿನ ಬುಡಕ್ಕೆ ನಮ್ಮದೊಂದು ಒರತೆ ಇದೆ. ಏಪ್ರಿಲ್‌ನಲ್ಲೂ ಬತ್ತುವುದಿಲ್ಲ. ಸಸಿಮಡಿಗೆ ಅದೇ ನೀರು, ಹಣ್ಣು ಕೊಯ್ಯಲು ಬರುವ ಆಳುಗಳು ಕುಡಿಯುವುದೂ ಅದನ್ನೇ. ಅಣ್ಣ ಮುಂದೆ, ನಾನು ಹಿಂದೆ, ಅಲ್ಲಿಗೆ ಹೋದೆವು. ಮುಚ್ಚಿದ್ದ ಸೊಪ್ಪನ್ನು ಅವನು ಸರಿಸಿದ. ಒರತೆಯ ಅರ್ಧಕ್ಕೂ ಹೆಚ್ಚು ಭಾಗಕ್ಕೆ ಕಲ್ಲು ಮಣ್ಣು ತುಂಬಿಬಿಟ್ಟಿದ್ದ. ಉಳಿದ ನೀರಿನ ಮೇಲೆ ಡೀಸೆಲ್ ಚೆಲ್ಲಿದಂತೆ ನೀಲಿ, ನೇರಳೆ, ಹಳದಿ ಬಣ್ಣದ ಪೊರೆ ತೇಲುತ್ತಿತ್ತು.

"ಇನ್ನೆರಡು ದಿನಕ್ಕೆ ಪೂರ್ತಿ ಮುಚ್ಬುಡ್ತಿದ್ದೆ" ಎಂದ. "ಎಣ್ಣೆ ಐತೆ ಅಂತ ಗೊತ್ತಾದ್ರೆ ಸರ್ವೆಯೋರು ಬತ್ತಾರೆ. ರೋಡಿಗೆ ಅಂತ ಒಂದ್ಸಲ ಕಲ್ಲು ನೆಟ್ರು, ಪೈಪ್‌ಲೈನಿಗೆ ಅಂತ ಇನ್ನೊಂದ್ಸಲ ನೆಟ್ರು. ಉಳ್ದಿರೋದು ಇದೊಂದು ತುಂಡು."

"ನನಗೊಂದು ಫೋನ್ ಮಾಡಬಾರದಿತ್ತಾ? ಇದೇ ಅಲ್ಲವಾ ನನ್ನ ಕೆಲಸ?"

"ನಿಂಗೇ ಹೆದರ್ಕೊಂಡಿದ್ದು ಕಣೇ."

ಆ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಕಾಫಿ ಗಿಡದ ಕಡ್ಡಿ ಮುರಿದು ಪೊರೆಯನ್ನು ಚುಚ್ಚಿದೆ. ಹಪ್ಪಳ ಮುರಿದಂತೆ ಚೂರುಚೂರಾಗಿ ನೀರಿನ ಮೇಲೆ ದೂರದೂರ ನಿಂತಿತು. ಗದ್ದೆ ಬದಿಯಲ್ಲಿದ್ದ ಕಳೆ ಕತ್ತರಿಸುವ ಯಂತ್ರದಿಂದ ಒಂದು ತೊಟ್ಟು ಆಯಿಲ್ ತಂದು ಪಕ್ಕದ ಹಳ್ಳದ ನೀರಿಗೆ ಬಿಟ್ಟು, ಅದನ್ನೂ ಕಡ್ಡಿಯಿಂದ ಸೀಳಿದೆ. ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಂಡಿತು.

"ನೋಡು. ಎಣ್ಣೆಯಾದರೆ ಕೂಡುತ್ತದೆ. ನಿನ್ನದು ಒಡೆಯಿತು. ಇದು ಕೆಮ್ಮಣ್ಣಿನ ಕಬ್ಬಿಣಾಂಶ ತಿಂದು ಬದುಕುವ ಕಣ್ಣಿಗೆ ಕಾಣದ ಜೀವಿಗಳು ಕಟ್ಟುವ ಕೆನೆ. ಈ ಗುಡ್ಡಗಳ ಕಲ್ಲು ಎಷ್ಟು ಹಳೆಯದೆಂದರೆ, ಅದು ಹುಟ್ಟಿದಾಗ ಲೋಕದಲ್ಲಿ ಒಂದು ಮೀನೂ ಇರಲಿಲ್ಲ, ಒಂದು ಹುಲ್ಲೂ ಇರಲಿಲ್ಲ. ಸಾಲದ್ದಕ್ಕೆ ಆಮೇಲೆ ಭೂಮಿಯ ಆಳದಲ್ಲಿ ಇನ್ನಷ್ಟು ಬೆಂದು ಕರಗಿ ಗಟ್ಟಿಯಾಗಿದೆ. ಇದರಲ್ಲಿ ಎಣ್ಣೆ ಹುಟ್ಟುವುದೂ ಇಲ್ಲ, ತಂಗುವುದೂ ಇಲ್ಲ. ಪಾಳ್ಯದಿಂದ ಆನೇಮಹಲ್‌ವರೆಗೆ ಎಲ್ಲಿ ಅಗೆದರೂ ಅಷ್ಟೇ."

ಅಣ್ಣ ಕಡ್ಡಿ ಇಸಿದುಕೊಂಡು ಕುಕ್ಕರಗಾಲಿನಲ್ಲಿ ಕೂತ. ಅಲ್ಲಿ ಚುಚ್ಚಿದ, ಇಲ್ಲಿ ಚುಚ್ಚಿದ. ಪ್ರತಿಸಲವೂ ಪೊರೆ ಒಡೆಯಿತು. ಅವನ ಹೆಗಲು ನಿಧಾನಕ್ಕೆ ಇಳಿಯಿತು. ಗೆದ್ದೆ ಎನ್ನಿಸಿ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಈಗ ಅವನು ನಗುತ್ತಾನೆ, ಬೈಯುತ್ತಾನೆ, ಮನೆಗೆ ಹೋಗಿ ಕಾಫಿ ಕುಡಿಯುತ್ತೇವೆ ಎಂದುಕೊಂಡೆ.

ಅವನು ನೀರನ್ನೇ ನೋಡುತ್ತಾ ಕೇಳಿದ: "ನಿಜ್ವಾಗ್ಲೂ ಎಣ್ಣೆ ಆಗಿದ್ರೆ?"

"ಆಗುವುದೇ ಇಲ್ಲ ಅಂದೆನಲ್ಲ."

"ಆಗಿದ್ರೆ ಅಂತ ಕೇಳ್ದೆ. ಬಾಯ್ ಮುಚ್ಕೊಂಡು ಇರ್ತಿದ್ಯಾ?"

ಇರುತ್ತಿದ್ದೆ ಎನ್ನಲು ಬಾಯಿ ತೆರೆದೆ. ಆದರೆ ಅವನು ಸೊಪ್ಪು ಸರಿಸಿದಾಗ ಆ ಬಣ್ಣ ಕಂಡ ಮೊದಲ ಗಳಿಗೆಯಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಭೂಮಿ ಹೋಗುತ್ತದೆಂಬ ಭಯಕ್ಕಲ್ಲ. ಕಲ್ಲಿನ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಮರೆತು, ಅಣ್ಣನನ್ನೂ ಮರೆತು, ಸ್ಯಾಂಪಲ್ ತುಂಬಿಕೊಳ್ಳಲು ಬಾಟಲಿ ತರಲಿಲ್ಲವಲ್ಲ ಎಂದು ಕೈ ಚಡಪಡಿಸಿತ್ತು. ಆಗ ನನ್ನ ಕೈಯನ್ನು ಅವನು ನೋಡಿದನೋ ಏನೋ ತಿಳಿಯದು.

"ಇರ್ತಿರಲಿಲ್ಲ" ಎಂದೆ.

"ಹ್ಞೂಂ" ಎಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಂಚೆ ಎತ್ತಿ ಕಟ್ಟಿ ಒರತೆಗೆ ಇಳಿದು, ತಾನೇ ತುಂಬಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತತೊಡಗಿದ. ನಾನೂ ಚಪ್ಪಲಿ ಬಿಟ್ಟು ಇಳಿದು ಕೈಯೊಡ್ಡಿದೆ. ಕಲ್ಲು ಕೊಡುತ್ತಾ ಹೋದ, ನಾನು ಬದುವಿನ ಮೇಲಿಡುತ್ತಾ ಹೋದೆ. ಕೊನೆಯ ಕಲ್ಲಿನವರೆಗೂ ಅವನು ನನ್ನ ಮುಖ ನೋಡಲಿಲ್ಲ.